ಕೆಮ್ಮಿಲ್ಲ, ಕಫವಿಲ್ಲ, ಆದರೂ ಟಿಬಿ: ಗರ್ಭನಾಳ ಕಟ್ಟುವ ಕ್ಷಯ ಎಕ್ಸ್‌ರೇಯಲ್ಲಿ ಕಾಣುವುದು ಹೇಗೆ?

ವಿಜಯಪುರ: ಟಿಬಿ ಅಂದ ಕೂಡಲೇ ಜನರಿಗೆ ನೆನಪಾಗುವುದು ಕೆಮ್ಮು, ಕಫ. ಆದರೆ ಅದೇ ರೋಗಾಣು ಹೆಣ್ಣುಮಕ್ಕಳ ಗರ್ಭನಾಳದಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಕೂತಿರಬಲ್ಲದು. ಎದೆಯ ಎಕ್ಸ್‌ರೇ ಎಷ್ಟೋ ಸಲ ಸ್ವಚ್ಛವಾಗಿಯೇ ಇರುತ್ತದೆ. ಮದುವೆಯಾಗಿ ನಾಲ್ಕೈದು ವರ್ಷ ಕಳೆದು, "ಯಾಕ ಇನ್ನೂ ಮಕ್ಕಳಾಗಿಲ್ಲ" ಅಂತ ದವಾಖಾನೆ ಮೆಟ್ಟಿಲು ಹತ್ತಿದಾಗಲೇ ಹಲವರಿಗೆ ಇದು ಗೊತ್ತಾಗುವುದು.

ರೋಗಾಣು ಸಾಮಾನ್ಯವಾಗಿ ಮೊದಲು ಸೇರುವುದು ಶ್ವಾಸಕೋಶಕ್ಕೆ. ಅಲ್ಲಿಂದ ರಕ್ತದ ಮೂಲಕ ಗರ್ಭನಾಳಕ್ಕೆ ಇಳಿಯುತ್ತದೆ. ಜನನಾಂಗದ ಟಿಬಿ ಇರುವ ಮಹಿಳೆಯರಲ್ಲಿ ಶೇ 90ಕ್ಕೂ ಹೆಚ್ಚು ಮಂದಿಗೆ ಪೆಟ್ಟು ಬೀಳುವುದು ಈ ನಾಳಗಳಿಗೇ, ಅದೂ ಬಹುತೇಕ ಎರಡೂ ಬದಿಗೆ. ಸುಮಾರು 10 ಸೆಂ.ಮೀ. ಉದ್ದದ ಈ ನಾಳದಲ್ಲೇ ಅಂಡ, ವೀರ್ಯಾಣು ಕೂಡಬೇಕು. ಒಳಗೋಡೆ ಹುಣ್ಣಾಗಿ, ಮಾಯುವಾಗ ಗಂಟುಗಟ್ಟಿ ದಾರಿ ಮುಚ್ಚುತ್ತದೆ. ಇಂಡಿ ಕಡೆ ನಿಂಬೆ ತೋಟದಾಗ ಸವುಳು ನೀರಿಗೆ ಡ್ರಿಪ್ ಪೈಪು ಕಟ್ಟಿಕೊಳ್ಳುವುದನ್ನು ಕಂಡವರಿಗೆ ಇದು ಬೇಗ ತಿಳಿದೀತು.

"ಸ್ಕ್ಯಾನಿಂಗ್ ನಾರ್ಮಲ್ ಬಂದದ, ಏನೂ ತೊಂದ್ರೆ ಇಲ್ಲ" ಅಂತ ಮನೆಮಂದಿ ಸುಮ್ಮನಾಗುವುದೇ ದೊಡ್ಡ ತಪ್ಪು. ನೀರು ತುಂಬಿ ಊದಿಕೊಂಡ ಹೊರತು ಗರ್ಭನಾಳ ಸಾಮಾನ್ಯ ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಎಚ್‌ಎಸ್‌ಜಿ ಬೇಕು, ಜನರ ಬಾಯಲ್ಲಿ 'ಟ್ಯೂಬ್ ಟೆಸ್ಟ್'. ಮುಟ್ಟು ನಿಂತ ಮೇಲೆ ಗರ್ಭಕೋಶದೊಳಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ. ನಾಳ ತೆರೆದಿದ್ದರೆ ದ್ರವ ತುದಿಯಿಂದ ಹೊಟ್ಟೆಯೊಳಗೆ ಚೆಲ್ಲುತ್ತದೆ. ಕೆಲ ಹೊತ್ತು ಕಿಬ್ಬೊಟ್ಟೆ ಹಿಂಡಿದಂತಾಗುತ್ತದೆ. ಸೋಂಕು ಸಕ್ರಿಯವಾಗಿದ್ದಾಗ ಈ ಟೆಸ್ಟ್ ಅದನ್ನು ಹರಡಬಹುದು, ಹಾಗಾಗಿ ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

ಟಿಬಿ ಹಿಡಿದ ನಾಳ ಚಿತ್ರದಲ್ಲಿ ಮಣಿ ಪೋಣಿಸಿದಂತೆ ಅಲ್ಲಲ್ಲಿ ಉಬ್ಬಿ, ಅಲ್ಲಲ್ಲಿ ಬಿಗಿದು ಕಾಣಬಹುದು. ಕೆಲವರಲ್ಲಿ ಬಳುಕದೆ ಕೊಳವೆಯಂತೆ ಸೆಟೆದಿರುತ್ತದೆ. ತುದಿ ಊದಿಕೊಂಡು ತಂಬಾಕಿನ ಚಂಚಿಯಂತೆ ಕಾಣುವುದೂ ಉಂಟು, ವೈದ್ಯ ಪುಸ್ತಕಗಳಲ್ಲೂ ಈ ಗುರುತಿಗೆ ಅದೇ ಹೆಸರು! ಸುಣ್ಣಗಟ್ಟಿದ ಚುಕ್ಕೆಗಳು, ಗೋಡೆ ಅಂಟಿ ಕುಗ್ಗಿದ ಗರ್ಭಕೋಶವೂ ಕಾಣಬಹುದು.

ಆದರೆ ಚಿತ್ರವೊಂದನ್ನೇ ನೋಡಿ ಟಿಬಿ ಅಂತ ತೀರ್ಮಾನಿಸಲಾಗದು. ಬೇರೆ ಸೋಂಕಿನಿಂದಲೂ ನಾಳ ಕಟ್ಟುತ್ತದೆ. ಗರ್ಭಕೋಶದ ಒಳಪದರದ ಚೂರು ತೆಗೆದು ಸಿಬಿನಾಟ್, ಕಲ್ಚರ್ ಮಾಡಿಸುತ್ತಾರೆ. ಈ ಪರೀಕ್ಷೆಗೆ ಹೋಗುವ ಚೂರನ್ನು ಫಾರ್ಮಲಿನ್‌ನಲ್ಲಿ ಹಾಕಬಾರದು, ಸಲೈನ್‌ನಲ್ಲೇ ಕಳಿಸಬೇಕು. ರೋಗಾಣು ಕಡಿಮೆ ಇರುವುದರಿಂದ ನೆಗೆಟಿವ್ ಬಂದರೂ ಅನುಮಾನ ಉಳಿದರೆ ದುರ್ಬೀನಿನಿಂದ, ಅಂದರೆ ಲ್ಯಾಪ್ರೋಸ್ಕೋಪಿಯಿಂದ ನೋಡುತ್ತಾರೆ.

ಚಿಕಿತ್ಸೆ ಸಾಮಾನ್ಯವಾಗಿ 6 ತಿಂಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ತಾಲೂಕು ಆಸ್ಪತ್ರೆಗಳಲ್ಲಿ ಟಿಬಿ ಗುಳಿಗೆ ಉಚಿತ. ನಿಕ್ಷಯ್ ಪೋಷಣ್ ಯೋಜನೆಯಡಿ ಪೌಷ್ಟಿಕ ಆಹಾರಕ್ಕೆ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂ. ಕೊಡಲಾಗುತ್ತದೆ. ಗುಳಿಗೆ ರೋಗಾಣು ಕೊಲ್ಲುತ್ತದೆ, ಗಂಟುಗಟ್ಟಿದ ನಾಳ ಬಿಡಿಸುವುದಿಲ್ಲ. ತಡವಾದಷ್ಟೂ ನಷ್ಟ. ನಾಳ ಪೂರ್ತಿ ಹಾಳಾದರೂ ಗರ್ಭಕೋಶದ ಒಳಪದರ ಚೆನ್ನಾಗಿದ್ದರೆ ಐವಿಎಫ್ ದಾರಿ ಇದೆ. ಗಂಡನ ವೀರ್ಯ ಪರೀಕ್ಷೆಯನ್ನೂ ಮಾಡಿಸದೆ ಸೊಸೆಗೆ 'ಬಂಜೆ' ಅನ್ನುವ, ಎರಡನೇ ಮದುವೆಯ ಮಾತೆತ್ತುವ ಮನೆಗಳು ಇದನ್ನು ಗಮನಿಸಬೇಕು.

ಚಿಕಿತ್ಸೆಯ ಬಳಿಕ ಗರ್ಭ ನಿಂತರೆ ಬೇಗ ಸ್ಕ್ಯಾನಿಂಗ್ ಮಾಡಿಸಬೇಕು. ಗಾಯಗೊಂಡ ನಾಳದಲ್ಲೇ ಗರ್ಭ ಕೂತು, ನಾಳ ಒಡೆದು ಜೀವಕ್ಕೆ ಅಪಾಯವಾಗುವ ಸಾಧ್ಯತೆ ಇಂಥವರಲ್ಲಿ ಹೆಚ್ಚು.