‘ಭ್ರೂಣ’ ಪದವೂ 14 ದಿನಗಳ ಗಡಿಯೂ

ಮಾನವ ತದ್ರೂಪುಸೃಷ್ಟಿ ಹಾಗೂ ಭ್ರೂಣ ಸಂಶೋಧನೆಯ ನೈತಿಕತೆಯನ್ನು ಕನ್ನಡದಲ್ಲಿ ಚರ್ಚಿಸಹೊರಟವರಿಗೆ ಮೊದಲು ಎದುರಾಗುವುದು ಪರಿಭಾಷೆಯ ತೊಡಕು. ಮೊದಲ ಎಂಟು ವಾರಗಳ ಜೀವರೂಪವನ್ನು ಇಂಗ್ಲಿಷ್ ‘ಎಂಬ್ರಿಯೊ’ ಎಂದೂ ಅನಂತರದ್ದನ್ನು ‘ಫೀಟಸ್’ ಎಂದೂ ಕರೆಯುತ್ತದೆ. ಬಳಕೆಯ ಕನ್ನಡದಲ್ಲಿ ಎರಡೂ ‘ಭ್ರೂಣ’ವೇ. ‘ಹೆಣ್ಣುಭ್ರೂಣಹತ್ಯೆ’ಯ ವಿರುದ್ಧದ ನ್ಯಾಯಯುತ ಹೋರಾಟದಿಂದಾಗಿ ಈ ಪದಕ್ಕೆ ತೀವ್ರವಾದ ನೈತಿಕ ಭಾರವೂ ಅಂಟಿಕೊಂಡಿದೆ. ಪ್ರಯೋಗಾಲಯದ ತಟ್ಟೆಯಲ್ಲಿರುವ ಐದು ದಿನದ ಕೋಶಸಮೂಹವನ್ನೂ ಅದೇ ಪದದಿಂದ ಕರೆದಾಗ ವಾದಕ್ಕಿಂತ ಮೊದಲೇ ತೀರ್ಪು ಬಂದಿರುತ್ತದೆ.

ಬ್ರಿಟನ್ನಿನಲ್ಲಿ ಮೇರಿ ವಾರ್ನಾಕ್ ಅಧ್ಯಕ್ಷತೆಯ ಸಮಿತಿ 1984ರಲ್ಲಿ ಈ ಪ್ರಶ್ನೆಗೆ ಒಂದು ಗಡಿಯನ್ನು ಸೂಚಿಸಿತು: ಪ್ರಯೋಗಾಲಯದಲ್ಲಿ ಮಾನವ ಭ್ರೂಣವನ್ನು 14 ದಿನಗಳಾಚೆ ಬೆಳೆಸಕೂಡದು. 1990ರಲ್ಲಿ ಅದು ಕಾಯಿದೆಯಾಯಿತು. ಸುಮಾರು ಹದಿನೈದನೆಯ ದಿನಕ್ಕೆ ‘ಆದಿರೇಖೆ’ ಮೂಡುತ್ತದೆ. ಅಲ್ಲಿಯವರೆಗೆ ಕೋಶಸಮೂಹ ಒಡೆದು ಅವಳಿಗಳಾಗುವ ಸಾಧ್ಯತೆಯಿರುತ್ತದೆ. ಒಂದೋ ಎರಡೋ ಎಂದು ನಿಶ್ಚಯವಾಗದುದನ್ನು ವ್ಯಕ್ತಿಯೆನ್ನುವುದು ಹೇಗೆ ಎಂಬುದು ಇದರ ಹಿಂದಿನ ತರ್ಕ. ನಿಶ್ಚಯವಾಗದುದಕ್ಕೆ ಬೆಲೆಯೇ ಇಲ್ಲವೆಂದು ಇದರಿಂದ ಸಿದ್ಧವಾಗುವುದಿಲ್ಲ. ಫಲೀಕರಣದಿಂದಲೇ ಮಾನವಜೀವ ಆರಂಭವಾಗುತ್ತದೆನ್ನುವ ಕ್ಯಾಥೊಲಿಕ್ ಚರ್ಚ್ ಈ ಗಡಿಯನ್ನು ಒಪ್ಪಲಿಲ್ಲ. ಆ ವರ್ಷಗಳಲ್ಲಿಯೇ ‘ಪೂರ್ವಭ್ರೂಣ’ ಎಂಬರ್ಥದ ಹೊಸ ಪದವೊಂದು ಬಳಕೆಗೆ ಬಂದಿತು. ಹೆಸರು ಬದಲಿಸಿ ಪ್ರಶ್ನೆಯನ್ನೇ ಮರೆಸುವ ಉಪಾಯವೆಂದು ವಿರೋಧಿಗಳು ಅದನ್ನು ಟೀಕಿಸಿದರು. ಈ ಟೀಕೆಯಲ್ಲಿ ಹುರುಳಿದೆ.

ಗರ್ಭೋಪನಿಷತ್ತು ಮೊದಲ ರಾತ್ರಿಯದನ್ನು ಕಲಲ, ಏಳು ರಾತ್ರಿಯದನ್ನು ಬುದ್ಬುದ, ಅರ್ಧಮಾಸದ್ದನ್ನು ಪಿಂಡವೆಂದು ವಿಂಗಡಿಸುತ್ತದೆ. ಅರ್ಧಮಾಸಕ್ಕೂ 14 ದಿನಗಳಿಗೂ ಇರುವ ಸಾಮ್ಯವನ್ನು ಹಿಡಿದು ಪ್ರಾಚೀನರಿಗೆ ಆದಿರೇಖೆ ತಿಳಿದಿತ್ತೆಂದು ಹೇಳುವುದು ಹಾಸ್ಯಾಸ್ಪದ. ಬೆಳವಣಿಗೆಯ ಹಂತಗಳಿಗೆ ಪ್ರತ್ಯೇಕ ಹೆಸರುಗಳು ಬೇಕೆಂಬ ಅರಿವು ಮಾತ್ರ ಅಲ್ಲಿದೆ. ಪರಿಭಾಷಾಕಾರರಿಗೆ ಅಷ್ಟೇ ಉಪಯುಕ್ತ.

‘ತದ್ರೂಪಿ’ ಎಂಬುದೂ ದಾರಿತಪ್ಪಿಸುವ ಪದವೇ. 1996ರಲ್ಲಿ ಜನಿಸಿದ ಡಾಲಿ ಕುರಿಯ ವಿಷಯದಲ್ಲಿಯೂ ಕೋಶಕೇಂದ್ರ ಒಂದು ಕುರಿಯದು, ಅಂಡಾಣು ಇನ್ನೊಂದರದು, ಗರ್ಭ ಮತ್ತೊಂದರದು. ‘ಚಿಕಿತ್ಸಾತ್ಮಕ ತದ್ರೂಪುಸೃಷ್ಟಿ’ ಎಂದೊಡನೆ ರೋಗಿ ಕಣ್ಣೆದುರು ನಿಲ್ಲುತ್ತಾನೆ, ಅಂಡಾಣು ಕೊಟ್ಟ ಹೆಂಗಸು ಮರೆಯಾಗುತ್ತಾಳೆ. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್ 2004 ಮತ್ತು 2005ರಲ್ಲಿ ಪ್ರಕಟಿಸಿದ ಲೇಖನಗಳು ಸುಳ್ಳು ದತ್ತಾಂಶದವೆಂದು ಸಾಬೀತಾಗಿ 2006ರಲ್ಲಿ ರದ್ದಾದವು. ಆ ಪ್ರಯೋಗಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಅಂಡಾಣುಗಳು ವ್ಯಯವಾಗಿದ್ದವು. ಕೊಟ್ಟವರಲ್ಲಿ ಅವರದೇ ಪ್ರಯೋಗಾಲಯದ ಕಿರಿಯ ಸಂಶೋಧಕಿಯರೂ ಇದ್ದರು. ಮೇಲಧಿಕಾರಿಯ ಎದುರು ನೀಡಿದ ಸಮ್ಮತಿ ಎಷ್ಟರಮಟ್ಟಿಗೆ ಸಮ್ಮತಿ? ಭ್ರೂಣದ ಸ್ಥಾನಮಾನವನ್ನು ಕುರಿತ ತಾತ್ವಿಕ ಜಿಜ್ಞಾಸೆಯಲ್ಲಿ ಈ ಪ್ರಶ್ನೆಗೆ ದೊರೆತ ಎಡೆ ತೀರ ಕಡಿಮೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ 14 ದಿನಗಳ ಮಿತಿಯನ್ನು ಉಳಿಸಿಕೊಂಡು ಸಂತಾನಾರ್ಥ ತದ್ರೂಪುಸೃಷ್ಟಿಯನ್ನು ನಿಷೇಧಿಸಿತು. ಅಂತಾರಾಷ್ಟ್ರೀಯ ಆಕರಕೋಶ ಸಂಶೋಧನಾ ಸಂಘವು 2021ರಲ್ಲಿ ಈ ಮಿತಿಯನ್ನು ನಿಷಿದ್ಧಗಳ ಪಟ್ಟಿಯಿಂದ ಕೈಬಿಟ್ಟಿತು. 2023ರಲ್ಲಿ ಅಂಡಾಣು, ವೀರ್ಯಾಣುಗಳೆರಡೂ ಇಲ್ಲದೆ ಆಕರಕೋಶಗಳಿಂದಲೇ ಭ್ರೂಣಸದೃಶ ರಚನೆಗಳನ್ನು ಬೆಳೆಸಿದ ವರದಿಗಳು ಬಂದವು. ಫಲೀಕರಣವೇ ನಡೆಯದ ಇವುಗಳ ದಿನಗಳನ್ನು ಎಲ್ಲಿಂದ ಎಣಿಸಬೇಕೆಂಬುದು ಈಗ ಎದ್ದಿರುವ ಪ್ರಶ್ನೆ.