ಎರಡೂ ತುದಿಯ ಆಟಗಾರ

ಮ್ಯೂನಿಕ್‌ನಿಂದ ಇಸಾರ್ ನದಿಯ ಗುಂಟ ಬಂದರೆ ಲಾಂಡ್ಸ್‌ಹುಟ್, ಅದನ್ನು ದಾಟಿದರೆ ಡಿಂಗೊಲ್ಫಿಂಗ್. ನಾನು ಕೆಲಸ ಮಾಡುವ ಬಿಎಂಡಬ್ಲ್ಯು ಕಾರ್ಖಾನೆ ಇರುವುದು ಇಲ್ಲಿ. ಊಟದ ಬಿಡುವಿನಲ್ಲಿ ಐಸ್ ಹಾಕಿಯ ಮಾತೆದ್ದರೆ ಅದು ಮಾರ್ಕೊ ಶ್ಟುರ್ಮ್ ಹೆಸರಿಗೆ ಬರದೆ ಮುಗಿಯುವುದಿಲ್ಲ. 1978ರಲ್ಲಿ ಇದೇ ಊರಲ್ಲಿ ಹುಟ್ಟಿ, ಲಾಂಡ್ಸ್‌ಹುಟ್ ಕ್ಲಬ್ಬಿನಲ್ಲಿ ಪಳಗಿದ ಲೆಫ್ಟ್ ವಿಂಗ್ ಆಟಗಾರ ಅವರು. ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗ್‌ನಲ್ಲಿ 938 ಪಂದ್ಯ ಆಡಿದರು, 242 ಗೋಲು ಹೊಡೆದರು. ಅವರು ಲೀಗ್ ಬಿಟ್ಟಾಗ ಅಷ್ಟು ಪಂದ್ಯ ಆಡಿದ ಜರ್ಮನ್ ಮತ್ತೊಬ್ಬರಿರಲಿಲ್ಲ.

ಕೊಡಗಿನ ಮೈದಾನಗಳಲ್ಲಿ ಹಾಕಿ ಆಡಿ ಬೆಳೆದ ನನಗೆ ಫಾರ್ವರ್ಡ್ ಎಂದರೆ ಗೋಲು ಹೊಡೆಯುವವನು, ಅಷ್ಟೆ. ಮಂಜುಗಡ್ಡೆಯ ಮೇಲೆ ಲೆಕ್ಕವೇ ಬೇರೆ. ಗೋಲ್‌ಕೀಪರ್ ಬಿಟ್ಟರೆ ಅಂಗಳದಲ್ಲಿರುವುದು ಐವರು. ಮುಕ್ಕಾಲು ನಿಮಿಷ ಪ್ರಾಣ ಬಿಟ್ಟು ಸ್ಕೇಟ್ ಮಾಡಿ ಬೆಂಚಿಗೆ ಬರುತ್ತಾರೆ. ಆಟ ನಿಲ್ಲುವುದಿಲ್ಲ, ಮುಂದಿನವರು ಇಳಿದಿರುತ್ತಾರೆ. ಒಬ್ಬ ತಪ್ಪು ಮಾಡಿ ಎರಡು ನಿಮಿಷ ಹೊರಗೆ ಕೂತನೆಂದರೆ, ಉಳಿದ ನಾಲ್ವರು ಎದುರಾಳಿಯ ಐವರನ್ನು ತಡೆಯಬೇಕು. ಆ ಕಷ್ಟದ ಎರಡು ನಿಮಿಷಕ್ಕೆ ಕೋಚ್‌ಗಳು ನೆಚ್ಚಿಕೊಂಡವರಲ್ಲಿ ಶ್ಟುರ್ಮ್ ಒಬ್ಬರು. ಅವರ ವೇಗ ದಾಳಿಗೆಷ್ಟೋ ತಡೆಗೂ ಅಷ್ಟೇ ಒದಗುತ್ತಿತ್ತು. ಈ ದುಡಿಮೆಯ ನಡುವೆಯೂ ಏಳು ಸೀಸನ್‌ಗಳಲ್ಲಿ 20ಕ್ಕಿಂತ ಹೆಚ್ಚು ಗೋಲು ಬಂದವು. ನನ್ನ ಕಣ್ಣಿಗೆ ಅವರ ದೊಡ್ಡತನ ಇದರಲ್ಲೇ ಇದೆ.

ಲೀಗಿನ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1996ರಲ್ಲಿ, ಸ್ಯಾನ್ ಹೋಸೆ ಶಾರ್ಕ್ಸ್ ಅವರನ್ನು 21ನೆಯವರಾಗಿ ಆರಿಸಿತು. ಮರುವರ್ಷ, 19ರ ವಯಸ್ಸಿಗೆ, ಕ್ಯಾಲಿಫೋರ್ನಿಯಾಕ್ಕೆ ಹೋದರು. 2005ರ ನವೆಂಬರ್ 30ರಂದು ಬಾಸ್ಟನ್ ಬ್ರೂಯಿನ್ಸ್ ತನ್ನ ನಾಯಕ ಜೋ ಥಾರ್ನ್‌ಟನ್‌ನನ್ನು ಶಾರ್ಕ್ಸ್‌ಗೆ ಕೊಟ್ಟು, ಬದಲಿಗೆ ಶ್ಟುರ್ಮ್ ಸೇರಿ ಮೂವರನ್ನು ಪಡೆಯಿತು. ಥಾರ್ನ್‌ಟನ್ ಅದೇ ಸೀಸನ್ನಿನಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರನಾದ. ಬಾಸ್ಟನ್ ಕೆಟ್ಟ ವ್ಯಾಪಾರ ಮಾಡಿತೆಂಬ ಮಾತು ಅಂದಿನಿಂದ ಉಳಿದುಬಿಟ್ಟಿದೆ. ಇರಬಹುದು. ಅದರ ಹೊರೆಯನ್ನು ಶ್ಟುರ್ಮ್ ಹೆಗಲಿಗೆ ಹಾಕುವುದನ್ನು ಮಾತ್ರ ನಾನು ಒಪ್ಪಲಾರೆ. ಆ ಸೀಸನ್ನಿನಲ್ಲಿ ಎರಡೂ ತಂಡಗಳ ಲೆಕ್ಕ ಸೇರಿ ಅವರು ಹೊಡೆದದ್ದು 29 ಗೋಲು, ಮುಂದಿನೆರಡರಲ್ಲಿ ತಲಾ 27.

2010ರ ಹೊಸ ವರ್ಷದ ದಿನ ಬಾಸ್ಟನ್‌ನ ಫೆನ್ವೇ ಪಾರ್ಕ್ ಎಂಬ ಹಳೆಯ ಬೇಸ್‌ಬಾಲ್ ಮೈದಾನದಲ್ಲಿ, ಬಯಲಿನಲ್ಲೇ ಮಂಜಿನಂಗಳ ಹಾಸಿ, ಫಿಲಡೆಲ್ಫಿಯಾ ವಿರುದ್ಧ ಪಂದ್ಯ ಆಡಿಸಿದರು. 38,000ಕ್ಕೂ ಹೆಚ್ಚು ಪ್ರೇಕ್ಷಕರು. ಕೊನೆಯವರೆಗೂ ಹಿಂದಿದ್ದ ಬಾಸ್ಟನ್, ಎರಡು ಚಿಲ್ಲರೆ ನಿಮಿಷ ಉಳಿದಿರುವಾಗ ಸಮ ಮಾಡಿಕೊಂಡಿತು. ಹೆಚ್ಚುವರಿ ಆಟದಲ್ಲಿ ಪಾಟ್ರಿಸ್ ಬರ್ಜೆರಾನ್ ಕಳಿಸಿದ ಪಕ್‌ಗೆ, ಅಂದರೆ ಆಟದ ರಬ್ಬರ್ ಬಿಲ್ಲೆಗೆ, ಗೋಲಿನ ಮುಂದಿದ್ದ ಶ್ಟುರ್ಮ್ ಸ್ಟಿಕ್ ತಾಗಿಸಿದರು. 2-1.

ಮೇ ತಿಂಗಳಲ್ಲಿ ಅದೇ ಫಿಲಡೆಲ್ಫಿಯಾ ವಿರುದ್ಧ ಆಟ ಶುರುವಾದ ಕೂಡಲೇ ಮೊಣಕಾಲಿನ ಲಿಗಮೆಂಟ್ ಹರಿಯಿತು. ಡಿಸೆಂಬರ್‌ನಲ್ಲಿ ಬಾಸ್ಟನ್ ಅವರನ್ನು ಲಾಸ್ ಏಂಜಲೀಸ್‌ಗೆ ಬಿಟ್ಟುಕೊಟ್ಟಿತು. 2011ರಲ್ಲಿ ಬಾಸ್ಟನ್ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದಾಗ ಅವರು ತಂಡದಲ್ಲಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

2015ರಲ್ಲಿ ಜರ್ಮನಿ ತನ್ನ ತಂಡವನ್ನು ಕೋಚಿಂಗ್ ಅನುಭವವಿಲ್ಲದ ಈ ನಿವೃತ್ತ ಆಟಗಾರನ ಕೈಗಿತ್ತಿತು. 2014ರ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯದಿದ್ದ ತಂಡ ಅದು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಎನ್‌ಎಚ್‌ಎಲ್ ಆಟಗಾರರಿರಲಿಲ್ಲ, ನಿಜ; ಆದರೂ ಸ್ವೀಡನ್, ಕೆನಡಾ ಎರಡನ್ನೂ 4-3ರಿಂದ ಮಣಿಸುವುದು ಹುಡುಗಾಟವಲ್ಲ. ಫೈನಲ್‌ನಲ್ಲಿ ರಷ್ಯನ್ನರ ಎದುರು 3-2ರ ಮುನ್ನಡೆಯಿತ್ತು. ಎದುರಾಳಿ ಒಬ್ಬ ಶಿಕ್ಷೆಗೆ ಕೂತಿದ್ದ. ರಷ್ಯನ್ನರು ಗೋಲ್‌ಕೀಪರ್‌ನನ್ನೂ ಹೊರಗೆಳೆದು ಇನ್ನೊಬ್ಬ ಆಟಗಾರನನ್ನು ಇಳಿಸಿದರು. ಒಂದು ನಿಮಿಷವೂ ಉಳಿದಿಲ್ಲದಾಗ ಸಮ ಮಾಡಿದರು. ಹೆಚ್ಚುವರಿ ಆಟದಲ್ಲಿ ಶಿಕ್ಷೆಗೆ ಕೂತದ್ದು ಜರ್ಮನ್ ಆಟಗಾರ, ಗೋಲು ಹೊಡೆದದ್ದು ಕಿರಿಲ್ ಕಪ್ರಿಜೋವ್. ಆಡುವ ಕಾಲದಲ್ಲಿ ಶ್ಟುರ್ಮ್ ಜೀವ ತೇಯ್ದದ್ದು ಇಂಥ ನಿಮಿಷಗಳಿಗೇ. ಅಂದು ಬೆಂಚಿನ ಹಿಂದೆ ನಿಂತು ನೋಡಬೇಕಾಯಿತು. ಆದರೂ ಆ ಬೆಳ್ಳಿ, ಒಲಿಂಪಿಕ್ ಐಸ್ ಹಾಕಿಯಲ್ಲಿ ಜರ್ಮನಿಗೆ ಸಿಕ್ಕ ಅತಿ ದೊಡ್ಡ ಪದಕ. ಮೊದಲು ಬಂದಿದ್ದವು 1932 ಮತ್ತು 1976ರ ಕಂಚುಗಳು ಮಾತ್ರ.

ಆ ವರ್ಷವೇ ಅವರು ಲಾಸ್ ಏಂಜಲೀಸ್ ಕಿಂಗ್ಸ್‌ನ ಸಹಾಯಕ ಕೋಚ್ ಆಗಿ ಅಮೆರಿಕಕ್ಕೆ ಮರಳಿದರು. ನಂತರ ಆ ಸಂಸ್ಥೆಯ ಕಿರಿಯ ತಂಡ ಒಂಟಾರಿಯೊ ರೇನ್ ನಡೆಸಿದರು. 2025ರ ಜೂನ್‌ನಲ್ಲಿ ಅವರನ್ನು ಮುಖ್ಯ ಕೋಚ್ ಆಗಿ ಕರೆದದ್ದು ಬಾಸ್ಟನ್ ಬ್ರೂಯಿನ್ಸ್.