ಬೇಡಿಕೆಗೆ ಬರುವ ಡಿಎನ್‌ಎ

2002ರಲ್ಲಿ ಅಮೆರಿಕದ ಸ್ಟೋನಿ ಬ್ರೂಕ್ ವಿಶ್ವವಿದ್ಯಾನಿಲಯದ ಎಕಾರ್ಡ್ ವಿಮ್ಮರ್ ಮತ್ತು ಸಂಗಡಿಗರು, ಅಂಚೆಯ ಮೂಲಕ ತರಿಸಿಕೊಂಡ ಡಿಎನ್‌ಎ ತುಣುಕುಗಳಿಂದಲೇ ಪೋಲಿಯೋ ವೈರಾಣುವನ್ನು ನಿರ್ಮಿಸಿ ತೋರಿಸಿದಂದು, ರೋಗಬೀಜವು ರೋಗಿಯ ದೇಹದಿಂದಲೋ ಪ್ರಯೋಗಾಲಯದ ಶೀತಪೆಟ್ಟಿಗೆಯಿಂದಲೋ ಮಾತ್ರ ಬರಬಲ್ಲುದೆಂಬ ಹಳೆಯ ಭರವಸೆ ಮುರಿದುಬಿದ್ದಿತು. ನಾಲ್ಕು ವರ್ಷಗಳ ತರುವಾಯ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯವರು ಸಿಡುಬಿನ ವೈರಾಣುವಿನ 78 ಡಿಎನ್‌ಎ ಅಕ್ಷರಗಳ ತುಣುಕೊಂದನ್ನು, ಅಪಾಯವಾಗದಂತೆ ತುಸು ಮಾರ್ಪಡಿಸಿ, ಬೇಡಿಕೆ ಸಲ್ಲಿಸಿ ತರಿಸಿದರು. ಪುಟ್ಟ ಸೀಸೆಯೊಂದು ಲಂಡನ್ನಿನ ವಾಸದ ಮನೆಯ ಬಾಗಿಲಿಗೇ ಬಂದಿತು. ಅದು ಯಾವುದರ ತುಣುಕೆಂಬುದು ಮಾರಿದವರಿಗೇ ತಿಳಿದಿರಲಿಲ್ಲ.

ಆದುದರಿಂದಲೇ ಇಂದು ಹೊಣೆಯರಿತ ತಯಾರಕ ಸಂಸ್ಥೆಗಳು, ಬಂದ ಪ್ರತಿಯೊಂದು ಬೇಡಿಕೆಯ ಅಕ್ಷರಸರಣಿಯನ್ನೂ ಅಪಾಯಕರ ರೋಗಾಣುಗಳ ದಾಖಲೆಯೊಡನೆ ಹೋಲಿಸಿ, ಸಾದೃಶ್ಯ ಕಂಡಲ್ಲಿ ತಜ್ಞರ ಪರಿಶೀಲನೆಗೊಪ್ಪಿಸಿ, ಗಿರಾಕಿಯು ಯಾರು, ಆತನ ಉದ್ದೇಶವೇನು ಎಂಬುದನ್ನು ನಿಶ್ಚಯಿಸಿಕೊಂಡ ಮೇಲಲ್ಲದೆ ತಯಾರಿಕೆಗೆ ಒಡಂಬಡುವುದಿಲ್ಲ. 2009ರಲ್ಲಿ ಕೆಲವು ಕಂಪನಿಗಳು ಇದಕ್ಕಾಗಿ ತಾವಾಗಿಯೇ ಒಕ್ಕೂಟವನ್ನು ಕಟ್ಟಿಕೊಂಡವು. ಅಮೆರಿಕದ ಸರ್ಕಾರವು 2010ರಲ್ಲಿ 200 ಅಕ್ಷರಜೋಡಿಗಳೆಂದಿದ್ದ, ಪರೀಕ್ಷಿಸಬೇಕಾದ ತುಣುಕಿನ ಕನಿಷ್ಠ ಉದ್ದವನ್ನು, ಕಿರುತುಣುಕುಗಳನ್ನು ಜೋಡಿಸಿ ದೊಡ್ಡದನ್ನು ಕಟ್ಟಬಹುದೆಂಬ ಶಂಕೆಯಿಂದ, ಕ್ರಮೇಣ 50ಕ್ಕೆ ಇಳಿಸುವಂತೆ 2023ರಲ್ಲಿ ಸಲಹೆ ನೀಡಿತು.

ಸಲಹೆ, ಅಷ್ಟೆ. ಪರೀಕ್ಷಿಸುವ ಸಂಸ್ಥೆಯು ಕಾಲವನ್ನೂ ಹಣವನ್ನೂ ವ್ಯಯಿಸಿ ನಿರಾಕರಿಸಿದ ಬೇಡಿಕೆಯನ್ನು, ಪರೀಕ್ಷಿಸದ ಮತ್ತೊಂದು ಸಂಸ್ಥೆ ಅಗ್ಗದ ಬೆಲೆಗೆ ಪೂರೈಸಿಬಿಡಬಹುದು. ಪ್ರಾಮಾಣಿಕನಿಗೆ ನಷ್ಟ, ಉದಾಸೀನನಿಗೆ ಲಾಭ, ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ತೋರುತ್ತದೆ. ಲಸಿಕೆಯನ್ನು ರೂಪಿಸುವವರಿಗೂ ಇವೇ ತುಣುಕುಗಳು ಬೇಕಾದುದರಿಂದ ಮಾರಾಟವನ್ನೇ ನಿಲ್ಲಿಸುವಂತಿಲ್ಲ. ಈ ತಪಾಸಣೆಯು ಎಲ್ಲ ದೇಶಗಳಲ್ಲಿಯೂ ಕಾನೂನಾಗಬೇಕು. ಪ್ರಯೋಗಾಲಯದ ಮೇಜಿನ ಮೇಲೆಯೇ ಡಿಎನ್‌ಎ ಹೆಣೆಯುವ ಹೊಸ ಯಂತ್ರಗಳಿಗೂ ಅದು ಅನ್ವಯಿಸಬೇಕು.